ಹುಳಿಯೂ ಆಮ್ಲವೂ: ‘ದುರ್ಬಲ’ವೆಂಬ ಒಂದು ಪದದ ವಿಚಾರ

(ಸಂಘದ ಮಾಸಿಕ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ವೇದಿಕೆಯಿಂದ ಸಾಮಾನ್ಯವಾಗಿ ವಚನ, ಕೀರ್ತನೆ, ಗಡಿ, ನದಿನೀರು, ಹೊರನಾಡಿನ ಕನ್ನಡ ಶಾಲೆಗಳ ಅಳಿವು ಉಳಿವು ಮೊದಲಾದ ವಿಷಯಗಳನ್ನು ಕುರಿತು ವಿದ್ವಾಂಸರು ಮಾತನಾಡುತ್ತಾರೆ. ಕಾರ್ಯದರ್ಶಿಗಳು ನನ್ನಲ್ಲಿಗೆ ಬಂದು ಒಂದು ಉಪನ್ಯಾಸ ನೀಡಬೇಕೆಂದಾಗ, ರಸಾಯನಶಾಸ್ತ್ರವನ್ನು ಓದಿ ಕೇಂದ್ರ ಸರ್ಕಾರದ ಸೇವೆಯಲ್ಲಿ ಮೂರು ದಶಕ ಕಳೆದ ನನಗೆ ಸಾಹಿತ್ಯದ ಬಗೆಗೆ ಮಾತನಾಡುವ ಅಧಿಕಾರವಿಲ್ಲವೆಂದು ಹೇಳಿದೆ. “ಹಾಗಾದರೆ ನಿಮಗೆ ಗೊತ್ತಿರುವುದನ್ನೇ ಕನ್ನಡದಲ್ಲಿ ಹೇಳಿ ಸರ್” ಎಂದರು. ಆ ಮಾತು ನನ್ನನ್ನು ಕಟ್ಟಿಹಾಕಿತು. ಗೊತ್ತಿರುವುದನ್ನು ಸರಿಯಾದ ಮಾತಿನಲ್ಲಿ ಹೇಳದೆ ಹೋದುದರಿಂದ ಒಮ್ಮೆ ನನ್ನಿಂದ ಆದ ಒಂದು ಅನಾಹುತ ಆಗ ನೆನಪಾಯಿತು. ಇಂದಿನ ಮಾತನ್ನು ಅಲ್ಲಿಂದಲೇ ಆರಂಭಿಸುತ್ತೇನೆ.

ಧಾರವಾಡದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ನಾನು ಸೇವೆಗೆ ಸೇರಿದ ಹೊಸತು. ಪಶ್ಚಿಮ ಭಾರತದ ಒಂದು ಊರಿನ ಪ್ರಯೋಗಾಲಯದಲ್ಲಿ ನೇಮಕವಾಗಿತ್ತು. ನನಗಿಂತ ಎರಡು ವರ್ಷ ಕಿರಿಯನಾದ ಒಬ್ಬ ಸಹಾಯಕನಿದ್ದ. ಒಂದು ದಿನ ತುಕ್ಕಿನ ಕಲೆ ತೆಗೆಯುವ ದ್ರಾವಣವೊಂದರ ಮಾದರಿ ಪರೀಕ್ಷೆಗೆ ಬಂದಿತು. ಅದರಲ್ಲಿ ಹೈಡ್ರೋಫ್ಲೋರಿಕ್ ಆಮ್ಲವಿದೆಯೆಂದು ಜೊತೆಯ ಕಾಗದದಲ್ಲಿ ಬರೆದಿತ್ತು. “ಸಾಹೇಬರೇ, ಇದು ಹೈಡ್ರೋಕ್ಲೋರಿಕ್ ಆಮ್ಲಕ್ಕಿಂತ ಜೋರಾದದ್ದೇ?” ಎಂದು ಅವನು ಹಿಂದಿಯಲ್ಲಿ ಕೇಳಿದ. ನಾನು ಕಡತದಿಂದ ತಲೆಯೆತ್ತದೆ, “ಇಲ್ಲ, ಇದು ದುರ್ಬಲ ಆಮ್ಲಗಳ ಪಟ್ಟಿಯಲ್ಲಿದೆ” ಎಂದೆ. ಪರೀಕ್ಷೆಯಲ್ಲಿ ಕೇಳಿದ್ದರೆ ಆ ಉತ್ತರಕ್ಕೆ ಪೂರ್ಣ ಅಂಕ ಸಿಗುತ್ತಿತ್ತು. ಅವನು ಕೈಗವಸು ಹಾಕಲಿಲ್ಲ. ದ್ರಾವಣ ಬೆರಳಿಗೆ ತಗುಲಿತು. ಉರಿಯಲಿಲ್ಲ, ಬೊಬ್ಬೆ ಏಳಲಿಲ್ಲ. ನಲ್ಲಿಯ ಕೆಳಗೆ ಒಮ್ಮೆ ಕೈಯೊಡ್ಡಿ ಒರೆಸಿಕೊಂಡು ಕೆಲಸ ಮುಂದುವರಿಸಿದ. ನಡುರಾತ್ರಿಗೆ ಆರಂಭವಾದ ನೋವು ಬೆಳಗಾಗುವಷ್ಟರಲ್ಲಿ ಅವನನ್ನು ಆಸ್ಪತ್ರೆಗೆ ಸೇರಿಸಿತು. ಬಲಗೈಯ ತೋರುಬೆರಳಿನ ತುದಿಯನ್ನು ಉಳಿಸಲಾಗಲಿಲ್ಲ. ಅವನು ಇಂದಿನವರೆಗೂ ನನ್ನನ್ನು ದೂರಿಲ್ಲ. ಆದರೆ ನಾನು ಹೇಳಿದ ಆ ಒಂದು ವಾಕ್ಯವನ್ನು ನಾನು ಮರೆತಿಲ್ಲ.

ನಾನು ಹೇಳಿದುದು ಸುಳ್ಳಲ್ಲ. ರಸಾಯನಶಾಸ್ತ್ರದಲ್ಲಿ ‘ದುರ್ಬಲ’ ಎಂಬ ಪದಕ್ಕೆ ಒಂದು ಅರ್ಥ. ನಾವು ದಿನವೂ ಆಡುವ ಮಾತಿನಲ್ಲಿ ಬೇರೊಂದು ಅರ್ಥ. ಆ ಎರಡು ಅರ್ಥಗಳ ನಡುವಿನ ಬಿರುಕಿನಲ್ಲಿ ಆ ಹುಡುಗ ಬಿದ್ದ. ಆ ಬಿರುಕು ಎಂಥದೆಂಬುದನ್ನು ಇಂದು ತಮ್ಮ ಮುಂದೆ ಬಿಡಿಸಿಡಲು ಯತ್ನಿಸುತ್ತೇನೆ.

ಎರಡು ಸೀಸೆಗಳನ್ನು ಕಲ್ಪಿಸಿಕೊಳ್ಳಿ. ಎರಡರಲ್ಲಿಯೂ ಒಂದೊಂದು ಲೀಟರ್ ದ್ರಾವಣ. ಮೊದಲನೆಯದರಲ್ಲಿ 3.65 ಗ್ರಾಂ ಹೈಡ್ರೋಕ್ಲೋರಿಕ್ ಆಮ್ಲ ಕರಗಿದೆ. ಎರಡನೆಯದರಲ್ಲಿ 6 ಗ್ರಾಂ ಅಸಿಟಿಕ್ ಆಮ್ಲ, ಅಂದರೆ ವಿನೆಗರಿಗೆ ಹುಳಿ ಕೊಡುವ ವಸ್ತು. ತೂಕ ಬೇರೆಯಾದರೂ ಎರಡರಲ್ಲಿಯೂ ಇರುವ ಆಮ್ಲದ ಅಣುಗಳ ಸಂಖ್ಯೆ ಒಂದೇ. ಆಮ್ಲದ ಅಣು ನೀರಿಗೆ ಬಿದ್ದಾಗ ತನ್ನಲ್ಲಿರುವ ಜಲಜನಕವನ್ನು ಧನ ವಿದ್ಯುದಂಶವುಳ್ಳ ಅಯಾನಿನ ರೂಪದಲ್ಲಿ ಬಿಟ್ಟುಕೊಡುತ್ತದೆ. ಇದೇ ವಿಯೋಜನೆ. ನಾಲಗೆಗೆ ಹುಳಿಯೆನಿಸುವುದಕ್ಕೂ ಲಿಟ್ಮಸ್ ಕಾಗದ ಕೆಂಪಾಗುವುದಕ್ಕೂ ಮುಖ್ಯ ಕಾರಣ ಈ ಜಲಜನಕದ ಅಯಾನು. ಮೊದಲನೆಯ ಸೀಸೆಯಲ್ಲಿ ಸಾವಿರ ಅಣುಗಳಿದ್ದರೆ ಸಾವಿರವೂ ತಮ್ಮ ಜಲಜನಕವನ್ನು ಬಿಟ್ಟಿರುತ್ತವೆ. ಎರಡನೆಯದರಲ್ಲಿ ಸಾವಿರಕ್ಕೆ ಸುಮಾರು ಹದಿಮೂರು ಮಾತ್ರ ಬಿಟ್ಟಿರುತ್ತವೆ. ಉಳಿದವು ಬಿಗಿಯಾಗಿ ಹಿಡಿದುಕೊಂಡು ಇಡಿಯಾಗಿಯೇ ಇರುತ್ತವೆ. ಪೂರ್ತಿಯಾಗಿ ಬಿಟ್ಟುಕೊಡುವುದು ಪ್ರಬಲ ಆಮ್ಲ, ಸ್ವಲ್ಪವೇ ಬಿಟ್ಟುಕೊಡುವುದು ದುರ್ಬಲ ಆಮ್ಲ. ವ್ಯತ್ಯಾಸವಿರುವುದು ಇಷ್ಟರಲ್ಲಿಯೇ. ಈ ವ್ಯಾಖ್ಯೆಯಲ್ಲಿ ಅಪಾಯದ ಪ್ರಸ್ತಾಪವೇ ಇಲ್ಲವೆಂಬುದನ್ನು ಗಮನಿಸಬೇಕು.

ನೀರಿನಲ್ಲಿ ಕರಗಿದ ವಸ್ತು ಅಯಾನುಗಳಾಗಿ ಒಡೆಯುತ್ತದೆಂಬ ವಿಚಾರದ ಬೀಜವನ್ನು ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1884ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಬಿತ್ತಿದ. ಪರೀಕ್ಷಕರು ಅದಕ್ಕೆ ಕೆಳದರ್ಜೆಯನ್ನು ಕೊಟ್ಟರು. ಅದೇ ಸಿದ್ಧಾಂತಕ್ಕಾಗಿ 1903ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಬಿಡುಗಡೆಯಾದ ಜಲಜನಕದ ಅಯಾನನ್ನು ಅಳೆಯಲು ಒಂದು ಸುಲಭವಾದ ಅಳತೆಗೋಲನ್ನು ಕೊಟ್ಟವನು ಡೆನ್ಮಾರ್ಕಿನ ಸೋರೆನ್‌ಸೆನ್, 1909ರಲ್ಲಿ. ಅವನು ಕೆಲಸ ಮಾಡುತ್ತಿದ್ದುದು ಕೋಪನ್‌ಹೇಗನ್ ನಗರದ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ಅದು ಬಿಯರ್ ತಯಾರಿಸುವ ಸಂಸ್ಥೆಯೊಂದು ಸ್ಥಾಪಿಸಿದ ಪ್ರಯೋಗಾಲಯ. ಅವನ ಅಳತೆಗೋಲೇ ಪಿಎಚ್. ನಮ್ಮ ಕೃಷಿ ಸಾಹಿತ್ಯದಲ್ಲಿ ಇದಕ್ಕೆ ‘ರಸಸಾರ’ ಎಂಬ ಸೊಗಸಾದ ಹೆಸರಿದೆ. ಮಣ್ಣು ಪರೀಕ್ಷೆ ಮಾಡಿಸಿದ ಯಾವ ರೈತನಿಗೂ ಅದು ಗೊತ್ತು. ಕನ್ನಡದಲ್ಲಿ ವಿಜ್ಞಾನವನ್ನು ಹೇಳಲು ಪದಗಳಿಲ್ಲವೆನ್ನುವವರಿಗೆ ನಮ್ಮ ಅಡಕೆ ತೋಟದವರು ಕೊಡಬಲ್ಲ ಉತ್ತರ ಇದು.

ರಸಸಾರದ ಲೆಕ್ಕದಲ್ಲಿ ಎರಡು ವೈಶಿಷ್ಟ್ಯಗಳಿವೆ. ಆಮ್ಲತೆ ಹೆಚ್ಚಿದಂತೆ ಅಂಕಿ ಇಳಿಯುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ ಶುದ್ಧ ನೀರಿನದು 7. ಅದಕ್ಕಿಂತ ಕೆಳಗಿರುವುದು ಆಮ್ಲೀಯ, ಮೇಲಿರುವುದು ಕ್ಷಾರೀಯ. ಇದು ಲಘುಗಣಕದ ಅಳತೆಯಾದುದರಿಂದ ಒಂದು ಅಂಕಿ ಇಳಿದರೆ ಆಮ್ಲತೆ ಹತ್ತು ಪಟ್ಟು, ಎರಡು ಇಳಿದರೆ ನೂರು ಪಟ್ಟು ಏರಿದಂತೆ. ಅಂಕಿ ಸಣ್ಣದೆಂದು ಉಪೇಕ್ಷಿಸುವ ಹಾಗಿಲ್ಲ. ಕೈಗಾರಿಕಾ ಯುಗ ಆರಂಭವಾದಂದಿನಿಂದ ಸಮುದ್ರದ ಮೇಲ್ಪದರದ ರಸಸಾರ ಸುಮಾರು 8.2ರಿಂದ 8.1ಕ್ಕೆ ಇಳಿದಿದೆಯೆಂದು ಓದಿದಾಗ, ಇದೇನು ಮಹಾ ಎಂದುಕೊಳ್ಳುತ್ತೇವೆ. ಆದರೆ ಆ ಒಂದು ದಶಾಂಶದ ಅರ್ಥ, ಜಲಜನಕದ ಅಯಾನು ಶೇಕಡಾ 25ಕ್ಕೂ ಮಿಕ್ಕಿ ಹೆಚ್ಚಿದೆ ಎಂಬುದು. ಹವಳಕ್ಕೂ ಚಿಪ್ಪಿನ ಜೀವಿಗಳಿಗೂ ಕವಚ ಕಟ್ಟಿಕೊಳ್ಳುವುದು ಇದರಿಂದ ಕಷ್ಟವಾಗುತ್ತಿದೆ. ಇದನ್ನು ಮಾಡುತ್ತಿರುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿ ಉಂಟಾಗುವ ಕಾರ್ಬಾನಿಕ್ ಆಮ್ಲ. ಅದೂ ದುರ್ಬಲ ಆಮ್ಲಗಳ ಪಟ್ಟಿಯಲ್ಲಿರುವಂಥದೇ.

ನಮ್ಮ ಎರಡು ಸೀಸೆಗಳಿಗೆ ಹಿಂದಿರುಗೋಣ. ಹೈಡ್ರೋಕ್ಲೋರಿಕ್ ಆಮ್ಲದ ಸೀಸೆಯ ರಸಸಾರ ಸುಮಾರು 1. ಅಸಿಟಿಕ್ ಆಮ್ಲದ್ದು ಸುಮಾರು 2.9. ಎರಡಕ್ಕೂ ನೀರು ಬೆರೆಸಿ ಹತ್ತು ಪಟ್ಟು ತೆಳುವಾಗಿಸೋಣ. ಮೊದಲನೆಯದು 2ಕ್ಕೆ ಏರುತ್ತದೆ. ಎರಡನೆಯದೂ ಒಂದು ಅಂಕಿ ಏರಬೇಕಲ್ಲವೇ? ಏರುವುದಿಲ್ಲ, ಸುಮಾರು 3.4ಕ್ಕೆ ನಿಲ್ಲುತ್ತದೆ. ನೀರು ಹೆಚ್ಚಾದೊಡನೆ ಅಲ್ಲಿಯವರೆಗೆ ಇಡಿಯಾಗಿದ್ದ ಅಣುಗಳಲ್ಲಿ ಇನ್ನಷ್ಟು ವಿಯೋಜನೆ ಹೊಂದುತ್ತವೆ. ಸಾವಿರಕ್ಕೆ ಹದಿಮೂರಿದ್ದುದು ನಲವತ್ತರಷ್ಟಾಗುತ್ತದೆ. ದುರ್ಬಲ ಆಮ್ಲದಲ್ಲಿ ಕಣ್ಣಿಗೆ ಕಾಣದ ಒಂದು ದಾಸ್ತಾನಿದೆ ಎಂಬುದರ ಮೊದಲ ಸುಳಿವು ಇದು.

ಪೂರ್ಣ ಸಾಕ್ಷ್ಯ ಬೇಕಾದರೆ ಎರಡು ಮೂಲ ಸೀಸೆಗಳಿಗೂ ಕ್ಷಾರವನ್ನು ಹನಿಹನಿಯಾಗಿ ಸೇರಿಸಿ ನೋಡಬೇಕು. ಪ್ರಯೋಗಾಲಯದಲ್ಲಿ ಇದನ್ನು ಟೈಟ್ರೇಷನ್ ಎನ್ನುತ್ತೇವೆ. ಆಮ್ಲವೆಲ್ಲವೂ ತೀರಲು ಎರಡಕ್ಕೂ ಬೇಕಾಗುವ ಕ್ಷಾರ ಸರಿಸಮ! ಮೊದಲನೆಯದರ ರಸಸಾರ 1, ಎರಡನೆಯದರದು 2.9, ಬಿಡುಗಡೆಯಾದ ಅಯಾನಿನಲ್ಲಿ ಸುಮಾರು ಎಪ್ಪತ್ತೈದು ಪಟ್ಟು ಅಂತರ. ಆದರೂ ಕ್ಷಾರದ ಮುಂದೆ ಎರಡೂ ಸಮಾನ. ಏಕೆಂದರೆ ಹೊರಗಿದ್ದ ಅಯಾನನ್ನು ಕ್ಷಾರ ಕಸಿದುಕೊಂಡಂತೆಲ್ಲ ಒಳಗಿನ ದಾಸ್ತಾನಿನಿಂದ ಹೊಸದು ಹೊರಬರುತ್ತದೆ. ಸರ್ಕಾರಿ ನೌಕರರಿಗೆ ಅರ್ಥವಾಗುವ ಹಾಗೆ ಹೇಳುವುದಾದರೆ, ರಸಸಾರ ತೋರಿಸುವುದು ಜೇಬಿನಲ್ಲಿರುವ ಹಣವನ್ನು. ಟೈಟ್ರೇಷನ್ ತೋರಿಸುವುದು ಜೇಬಿನ ಹಣವನ್ನೂ ಭವಿಷ್ಯನಿಧಿಯನ್ನೂ ಕೂಡಿಸಿದ ಮೊತ್ತವನ್ನು. ಇಬ್ಬರ ಜೇಬಿನಲ್ಲಿಯೂ ನೂರು ರೂಪಾಯಿಯೇ ಇದೆಯೆಂದು ಅವರಿಬ್ಬರೂ ಸಮಾನರೆಂದು ಹೇಳಲಾದೀತೇ?

ಮಲೆನಾಡಿನ ಕೃಷಿಕರಿಗೆ ಈ ತತ್ತ್ವ ಅನುಭವದಿಂದಲೇ ತಿಳಿದಿದೆ. ಎರಡು ತೋಟಗಳ ಮಣ್ಣಿನ ರಸಸಾರ ಒಂದೇ ಇದ್ದರೂ ಮರಳು ಮಿಶ್ರಿತ ಮಣ್ಣಿಗೆ ಸ್ವಲ್ಪ ಸುಣ್ಣ ಸಾಕಾಗುತ್ತದೆ. ಜೇಡಿಯೂ ಸಾವಯವ ಅಂಶವೂ ಹೆಚ್ಚಿರುವ ಮಣ್ಣಿಗೆ ಅದಕ್ಕಿಂತ ಬಹಳ ಹೆಚ್ಚು ಬೇಕಾಗುತ್ತದೆ. ಮಣ್ಣಿನಲ್ಲಿಯೂ ಹೊರಗೆ ಕಾಣುವ ಆಮ್ಲತೆ ಬೇರೆ, ಒಳಗೆ ಕಾದಿರಿಸಿದ ಆಮ್ಲತೆ ಬೇರೆ.

ಇಲ್ಲಿ ನಮ್ಮ ಭಾಷೆಯ ಬಳಕೆಯ ಬಗೆಗೆ ಒಂದು ಮಾತು. ನೀರು ಬೆರೆಸಿದ ಆಮ್ಲಕ್ಕೆ ‘ಸಾರರಿಕ್ತ’ ಎಂಬ ಪದ ಕನ್ನಡದ ಪಠ್ಯಗಳಲ್ಲಿ ಬಹುಕಾಲದಿಂದಲೂ ಇದೆ. ನೀರು ಕಡಿಮೆಯಿರುವುದಕ್ಕೆ ‘ಸಾಂದ್ರ’ ಎನ್ನಬಹುದು. ಆದರೂ ಮಾತಿನ ಭರದಲ್ಲಿ ನಾವು ಸಾರರಿಕ್ತವಾದುದನ್ನು ದುರ್ಬಲವೆಂದೂ ಸಾಂದ್ರವಾದುದನ್ನು ಪ್ರಬಲವೆಂದೂ ಕರೆದುಬಿಡುತ್ತೇವೆ. ಇವು ಬೇರೆ ಬೇರೆ ಸಂಗತಿಗಳು. ನಮ್ಮ ಜಠರದಲ್ಲಿರುವುದು ಪ್ರಬಲವಾದ ಹೈಡ್ರೋಕ್ಲೋರಿಕ್ ಆಮ್ಲ, ಆದರೆ ಸಾರರಿಕ್ತ. ನೀರಿಲ್ಲದ ಅಸಿಟಿಕ್ ಆಮ್ಲ ದುರ್ಬಲ, ಆದರೆ ಸಾಂದ್ರ. ಅದು ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯನ್ನು ಕಳೆಯಬಲ್ಲುದು. ಆಮ್ಲದ ಬಲ, ಅದರ ಸಾಂದ್ರತೆ, ಅದರ ರಸಸಾರ, ಅದರ ಅಪಾಯ ಇವು ನಾಲ್ಕು ಬೇರೆ ಬೇರೆ ಪ್ರಶ್ನೆಗಳು. ಒಂದಕ್ಕೆ ದೊರೆತ ಉತ್ತರದಿಂದ ಇನ್ನೊಂದನ್ನು ಊಹಿಸಿದರೆ ಏನಾಗುತ್ತದೆಂಬುದಕ್ಕೆ ನನ್ನ ಸಹಾಯಕನ ಬೆರಳು ಸಾಕ್ಷಿ.

ಹಾಗಾದರೆ ಅಂದು ಆದುದೇನು? ಹೈಡ್ರೋಫ್ಲೋರಿಕ್ ಆಮ್ಲದ ಅಣು ಚಿಕ್ಕದು. ಅದು ದುರ್ಬಲವಾದುದರಿಂದ ಬಹುಪಾಲು ಅಣುಗಳು ಒಡೆಯದೆ, ವಿದ್ಯುದಂಶವಿಲ್ಲದೆ ಇಡಿಯಾಗಿರುತ್ತವೆ. ವಿದ್ಯುದಂಶವುಳ್ಳ ಅಯಾನನ್ನು ಚರ್ಮ ಬಹುಮಟ್ಟಿಗೆ ತಡೆಯುತ್ತದೆ. ಈ ಇಡಿ ಅಣುವನ್ನು ತಡೆಯಲಾರದು. ಪ್ರಬಲ ಆಮ್ಲ ಹೊರಬಾಗಿಲಲ್ಲಿಯೇ ಗಲಾಟೆ ಮಾಡಿ ತನ್ನ ಇರವನ್ನು ಸಾರುತ್ತದೆ. ಇದು ಸದ್ದಿಲ್ಲದೆ ಒಳಹೊಕ್ಕು ಆಮೇಲೆ ಒಡೆಯುತ್ತದೆ. ಒಡೆದಾಗ ಹೊರಬಂದ ಫ್ಲೋರೈಡ್ ದೇಹದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಹಿಡಿದುಹಾಕುತ್ತದೆ. ಸಾರರಿಕ್ತವಾಗಿದ್ದರೆ ನೋವು ಕಾಣಿಸಿಕೊಳ್ಳುವುದು ಹಲವು ಗಂಟೆಗಳ ನಂತರ. ಹೆಚ್ಚು ಪ್ರಮಾಣದಲ್ಲಿ ತಗುಲಿದರೆ ರಕ್ತದ ಕ್ಯಾಲ್ಸಿಯಂ ಕುಸಿದು ಹೃದಯವೇ ನಿಲ್ಲಬಹುದು. ಕೂಡಲೇ ಧಾರಾಳವಾಗಿ ನೀರಿನಲ್ಲಿ ತೊಳೆದು, ಕ್ಯಾಲ್ಸಿಯಂ ಗ್ಲುಕೋನೇಟ್ ಮುಲಾಮು ಹಚ್ಚಿ, ವೈದ್ಯರಲ್ಲಿಗೆ ಒಯ್ಯಬೇಕು. ಅದರ ದೌರ್ಬಲ್ಯವೇ ಅದಕ್ಕೆ ಒಳಹೋಗುವ ಪರವಾನಗಿಯಾಯಿತೆಂಬುದು ನಾನು ತಡವಾಗಿ ಅರಿತ ಸಂಗತಿ. ಹೈಡ್ರೋಸಯಾನಿಕ್ ಆಮ್ಲ ಇದಕ್ಕಿಂತಲೂ ದುರ್ಬಲ. ನಮ್ಮ ಸೀಸೆಗಳಷ್ಟೇ ಅಣುಗಳಿರುವ ಅದರ ದ್ರಾವಣದ ರಸಸಾರ ಸುಮಾರು 5.1, ಮಾಲಿನ್ಯವಿಲ್ಲದ ಮಳೆನೀರಿನದು ಸುಮಾರು 5.6. ಅಳತೆಯ ಅಂಕಿಯನ್ನಷ್ಟೇ ನೋಡಿದವನು ಅದನ್ನು ಮಳೆನೀರಿನ ಹತ್ತಿರದ್ದೆಂದು ತಿಳಿದಾನು. ಅದು ಮಾರಕ ವಿಷ.

ಆದರೆ ದುರ್ಬಲ ಆಮ್ಲಗಳೆಲ್ಲ ವೈರಿಗಳೆಂಬ ಅಭಿಪ್ರಾಯವನ್ನು ಬಿತ್ತುವುದು ನನ್ನ ಉದ್ದೇಶವಲ್ಲ. ನಮ್ಮ ಅಡಿಗೆಮನೆ ನಿಂತಿರುವುದೇ ಅವುಗಳ ಮೇಲೆ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿ ಸಿಟ್ರಿಕ್ ಆಮ್ಲ, ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ. ಮಲೆನಾಡಿನವರು ಚಟ್ನಿ ಮಾಡುವ ಚಗಳಿ ಇರುವೆಯಲ್ಲಿ ಫಾರ್ಮಿಕ್ ಆಮ್ಲ. ಬೆರಳನ್ನು ಕಾಡಿದ ಗುಣವೇ ಉಪ್ಪಿನಕಾಯಿಯನ್ನು ಕಾಪಾಡುತ್ತದೆ. ಹುಳಿಯ ಇಡಿ ಅಣು ಸೂಕ್ಷ್ಮಜೀವಿಯ ಒಳಹೊಕ್ಕು ಅಲ್ಲಿ ಒಡೆದು ಅದನ್ನು ಬೆಳೆಯಗೊಡುವುದಿಲ್ಲ. ಉಪ್ಪಿನೊಡನೆ ಈ ಹುಳಿಯೂ ಸೇರಿ ಜಾಡಿ ಕೆಡದೆ ನಿಲ್ಲುತ್ತದೆ. ನಮ್ಮ ರಕ್ತದ ರಸಸಾರ 7.35 ಮತ್ತು 7.45ರ ಕಿರಿದಾದ ಓಣಿಯಲ್ಲಿ ನಡೆಯಬೇಕು. ದೇಹದ ಚಯಾಪಚಯದಲ್ಲಿ ಆಮ್ಲಗಳು ಹುಟ್ಟುತ್ತಲೇ ಇದ್ದರೂ ಆ ಓಣಿ ತಪ್ಪದಂತೆ ಕಾಯುವುದರಲ್ಲಿ ಮುಖ್ಯ ಪಾತ್ರ ಕಾರ್ಬಾನಿಕ್ ಆಮ್ಲ ಮತ್ತು ಅದರ ಸಂಗಾತಿಯಾದ ಬೈಕಾರ್ಬೊನೇಟಿನದು. ಬಂದ ಜಲಜನಕದ ಅಯಾನನ್ನು ಬೈಕಾರ್ಬೊನೇಟು ಹಿಡಿದುಕೊಳ್ಳುತ್ತದೆ. ಅದರಿಂದಾದ ಕಾರ್ಬಾನಿಕ್ ಆಮ್ಲ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನೊಡನೆ ಹೊರಹೋಗುತ್ತದೆ. ಕೊಡುವುದಕ್ಕೂ ಹಿಡಿದುಕೊಳ್ಳುವುದಕ್ಕೂ ಸಮಾನವಾಗಿ ಸಿದ್ಧವಿರುವ ಈ ಗುಣ ದುರ್ಬಲ ಆಮ್ಲಕ್ಕೆ ಮಾತ್ರ ಉಂಟು. ಸಾಗರವನ್ನು ಕೆಡಿಸುತ್ತಿರುವ ಆಮ್ಲವೇ ನಮ್ಮ ರಕ್ತವನ್ನು ಕಾಯುತ್ತಿದೆ. ಎಲ್ಲಿ, ಎಷ್ಟು ಎಂಬುದೇ ಪ್ರಶ್ನೆ.

ಇದನ್ನೆಲ್ಲ ಕನ್ನಡ ಸಂಘದಲ್ಲಿ ಏಕೆ ಹೇಳಬೇಕೆಂಬ ಪ್ರಶ್ನೆ ತಮ್ಮಲ್ಲಿ ಮೂಡಿರಬಹುದು. ಅದಕ್ಕೆ ಇನ್ನೊಂದು ಘಟನೆಯೇ ಉತ್ತರ.

ತಂದೆಯವರು ತೀರಿಕೊಂಡ ಮೇಲೆ ನನ್ನ ತಾಯಿ ಊರಿನ ಮನೆಗೆ ಬೀಗ ಹಾಕಿ ನಮ್ಮಲ್ಲಿಗೆ ಬಂದರು. ಅವರಿಗೆ ಓದಲು ಬರುತ್ತಿದ್ದುದು ಕನ್ನಡ ಮಾತ್ರ. ಒಂದು ಭಾನುವಾರ ಬಚ್ಚಲಿನಲ್ಲಿದ್ದ ಶೌಚಾಲಯ ತೊಳೆಯುವ ಆಸಿಡ್ಡಿನ ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬಂದರು. ಇನ್ನೊಂದು ಕೈಯಲ್ಲಿ ದೇವರ ಮನೆಯ ಹಿತ್ತಾಳೆ ದೀಪ. “ಇದರ ಮೇಲೆ ಏನು ಬರೆದಿದ್ದಾರೆ ಮಗಾ? ಇದೂ ಹುಳಿಯೇ ಅಂತಲ್ಲ, ಹುಣಸೆಹಣ್ಣು ಮುಗಿದಿದೆ, ಇದರಲ್ಲೇ ದೀಪ ತೊಳೆಯಲಾ?” ಎಂದರು. ಆ ಬಾಟಲಿಯ ಮೇಲೆ ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಎಚ್ಚರಿಕೆ ಅಚ್ಚಾಗಿತ್ತು. ಅವರ ಪಾಲಿಗೆ ಅದು ಖಾಲಿ ಕಾಗದ. ಅಂದು ಭಾನುವಾರವಾಗಿರದಿದ್ದರೆ, ನಾನು ಮನೆಯಲ್ಲಿರದಿದ್ದರೆ, ಬರಿಗೈಯಲ್ಲಿ ಅದನ್ನು ಸುರಿದುಕೊಂಡಿರುತ್ತಿದ್ದರು.

ಅವರದು ಅಜ್ಞಾನವೆಂದು ನಾನು ಹೇಳಲಾರೆ. ಕಲಾಯಿಯಿಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಸಾರನ್ನು ಇಡಬಾರದು, ಕಿಲುಬು ಬರುತ್ತದೆಂದು ನನಗೆ ಕಲಿಸಿದವರು ಅವರೇ. ದುರ್ಬಲ ಆಮ್ಲವೂ ಸಮಯ ಕೊಟ್ಟರೆ ಲೋಹವನ್ನು ತಿನ್ನುತ್ತದೆಂಬ ತಿಳಿವಳಿಕೆ ಅವರಲ್ಲಿತ್ತು. ‘ಹುಳಿ’ ಎಂಬ ಅವರ ಮಾತಿಗೂ ‘ಆಸಿಡ್’ ಎಂಬ ನಮ್ಮ ಮಾತಿಗೂ ಸೇತುವೆಯನ್ನು ಕಟ್ಟಿಕೊಟ್ಟವರಿರಲಿಲ್ಲ, ಅಷ್ಟೆ. ನಮ್ಮ ಮಕ್ಕಳದು ಇದಕ್ಕೆ ವಿರುದ್ಧವಾದ ಸ್ಥಿತಿ. ಆಸಿಡ್ಡಿನ ಸೂತ್ರವನ್ನು ಅವರು ಬಾಯಿಪಾಠವಾಗಿ ಹೇಳಬಲ್ಲರು. ಅಜ್ಜಿಯ ಹುಣಸೆಹುಳಿಯೂ ಅದೇ ಕುಲಕ್ಕೆ ಸೇರಿದ್ದೆಂಬುದು ಅವರಿಗೆ ಹೊಳೆಯುವುದಿಲ್ಲ, ಹೊಳೆದರೂ ಅಜ್ಜಿಗೆ ಹೇಳುವ ಭಾಷೆ ಅವರಲ್ಲಿಲ್ಲ. ಹೊರನಾಡಿನಲ್ಲಿ ಭಾಷೆ ಕಳೆದುಹೋಗುವುದೆಂದರೆ ಹಾಡು ಕಥೆಗಳಷ್ಟೇ ಕಳೆದುಹೋಗುವುದಲ್ಲ. ಒಂದೇ ಸೂರಿನಡಿಯ ಎರಡು ತಲೆಮಾರುಗಳ ನಡುವೆ ಎಚ್ಚರಿಕೆಯ ಮಾತೂ ದಾಟದೆ ಹೋಗುವುದು.

ಆಸಿಡ್ಡಿನ ಚಿಲ್ಲರೆ ಮಾರಾಟಕ್ಕೆ ನಿರ್ಬಂಧಗಳನ್ನು ವಿಧಿಸಿ ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಆದೇಶ ನೀಡಿತು. ಹದಿನೆಂಟು ವರ್ಷದೊಳಗಿನವರಿಗೆ ಮಾರುವಂತಿಲ್ಲ, ಕೊಳ್ಳುವವರ ಗುರುತನ್ನು ಪಡೆಯಬೇಕು ಎಂಬವು ಅದರಲ್ಲಿ ಸೇರಿವೆ. ಮನುಷ್ಯರ ಮುಖದ ಮೇಲೆ ಆಸಿಡ್ ಎರಚುವ ಕ್ರೌರ್ಯವನ್ನು ತಡೆಯುವುದು ಅದರ ಗುರಿ. ಅಂಗಡಿಯ ಬಾಗಿಲವರೆಗೆ ಕಾನೂನು ಬರಬಲ್ಲುದು. ಬಚ್ಚಲುಮನೆಯೊಳಗೆ ನಮ್ಮ ಮಾತೇ ಹೋಗಬೇಕು.

ಆದುದರಿಂದ ಕೆಲವು ಸಣ್ಣ ಸಲಹೆಗಳು. ಮನೆಯಲ್ಲಿರುವ ಆಸಿಡ್, ತುಕ್ಕು ತೆಗೆಯುವ ದ್ರಾವಣ, ಬ್ಲೀಚಿಂಗ್ ಪುಡಿ ಇವುಗಳ ಮೇಲೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ಚೀಟಿ ಅಂಟಿಸಿ. ಅವನ್ನು ನೀರಿನ ಅಥವಾ ಪಾನೀಯದ ಬಾಟಲಿಗೆ ಎಂದೂ ಸುರಿದಿಡಬೇಡಿ. ಬ್ಲೀಚಿಂಗ್ ಪುಡಿಯೊಡನೆ ಯಾವ ಆಮ್ಲವನ್ನೂ, ನಿರಪಾಯಕಾರಿಯೆಂದು ನಾವು ನಂಬಿರುವ ವಿನೆಗರನ್ನು ಸಹ, ಬೆರೆಸಬೇಡಿ; ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಹೊರಬರುತ್ತದೆ. ಯಾವ ಆಮ್ಲ ಮೈಗೆ ತಗುಲಿದರೂ ಉರಿಗಾಗಿ ಕಾಯದೆ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಿರಿ. ಬಾಟಲಿಯನ್ನೋ ಅದರ ಹೆಸರನ್ನೋ ವೈದ್ಯರಿಗೆ ತೋರಿಸಿ.

ಸಂಘಕ್ಕೂ ಒಂದು ಬಿನ್ನಹವಿದೆ. ಭಾನುವಾರದ ಕನ್ನಡ ತರಗತಿಯಲ್ಲಿ ಮಕ್ಕಳಿಗೆ ಕಾಗುಣಿತದ ಜೊತೆಗೆ ತಿಂಗಳಿಗೊಮ್ಮೆ ಮನೆಯ ವಿಜ್ಞಾನವನ್ನೂ ಕನ್ನಡದಲ್ಲಿ ಕಲಿಸೋಣ. ಮೊದಲ ಪಾಠವಾಗಿ ಈ ಚೀಟಿಗಳನ್ನು ಮಕ್ಕಳೇ ಬರೆದು ಅಜ್ಜ ಅಜ್ಜಿಯರಿಗೆ ಓದಿ ತಿಳಿಸಲಿ. ಆ ತರಗತಿಯನ್ನು ನಡೆಸುವ ಹೊಣೆಯನ್ನು ನಾನು ಹೊರಲು ಸಿದ್ಧನಿದ್ದೇನೆ. ಮೂವತ್ತು ವರ್ಷಗಳ ಹಿಂದೆ ಒಬ್ಬ ಹುಡುಗ ಕೇಳಿದ ಪ್ರಶ್ನೆಗೆ ನಾನು ಕಡತದಿಂದ ತಲೆಯೆತ್ತಿ, “ಇದು ದುರ್ಬಲ ಆಮ್ಲ, ಆದರೆ ಬಹಳ ಅಪಾಯಕಾರಿ, ಕೈಗವಸು ಹಾಕಿಕೋ” ಎಂದಿದ್ದರೆ ಸಾಕಾಗಿತ್ತು. ಪೂರ್ತಿ ವಾಕ್ಯವನ್ನು ಹೇಳುವ ಅಭ್ಯಾಸ ನಮ್ಮ ಮಕ್ಕಳಿಗೆ ಬರಲಿ ಎಂಬುದಷ್ಟೇ ನನ್ನ ಆಸೆ.